ಗುಲ್ನಾರ ಆಪಾ ಮನಿ ಪಟ್ಟಿ ತುಂಬಿದ್ದು

ಮನೆಯ ಹೊಸ್ತಿಲು ತುಳಿದ ಗುಲ್ನಾರ ಆಪಾ ಮೊದಲು ಕೇಳಿದ್ದು ನೀರನ್ನಲ್ಲ, ಚಹಾ ಅಂತೂ ಅಲ್ಲವೇ ಅಲ್ಲ. ಬುರ್ಖಾದ ಮೇಲಿನ ಧೂಳನ್ನೂ ಕೊಡವಿಕೊಳ್ಳದೆ, ಮೂರು ದೊಡ್ಡ ಸೂಟಕೇಸುಗಳ ನಡುವೆ ನಿಂತು ಕೇಳಿದ್ದು ಒಂದೇ ಮಾತು.

“ಮನಿ ಪಟ್ಟಿ ಪಾವತಿ ಎಲ್ಲಿ ಇಟ್ಟೀ ನಸೀರಾ?”

ನಸೀರಾಳ ಕೈಯಲ್ಲಿ ನೀರಿನ ಚರಿಗೆ ಹಾಗೇ ಉಳಿಯಿತು.

“ಮದ್ಲ ಕೈಕಾಲು ತೊಳಕೊಳ್ರಿ ಆಪಾ. ಪಾವತಿ ಎಲ್ಲಿ ಓಡಿ ಹೋಗ್ತಾವ?”

“ಓಡಿ ಹೋಗ್ಯಾವೋ ಇಲ್ಲೋ ಅಂತ ನೋಡಾಕ ಬಂದೇನಿ.”

ಹೀಗೆ ಶುರುವಾಯಿತು ನೋಡಿ ಆ ಎಪ್ರಿಲ್. ಮನಿ ಪಟ್ಟಿ ಅಂದರೆ ನಮ್ಮ ಕಡೆ ಮನೆಯ ಮೇಲಿನ ತೆರಿಗೆ. ವರ್ಷಕ್ಕೊಮ್ಮೆ ಪುರಸಭೆಗೆ ತುಂಬುವಂಥದು, ತುಂಬಿದ್ದಕ್ಕೆ ಕೊಡುವ ರಸೀದಿಯೇ ಪಾವತಿ. ಎಲ್ಲರೂ ತುಂಬುತ್ತಾರೆ, ತುಂಬಿ ಮರೆಯುತ್ತಾರೆ. ಅದರ ಸಲುವಾಗಿ ಸಮುದ್ರ ದಾಟಿ ಬಂದವರನ್ನು ಸವಣೂರಿನ ಆ ಓಣಿ ಅಲ್ಲಿಯತನಕ ಕಂಡಿರಲಿಲ್ಲ.

ಗುಲ್ನಾರ ಹುಟ್ಟಿದ್ದು ಇದೇ ಮನೆಯಲ್ಲಿ. ಇಪ್ಪತ್ತೊಂದಕ್ಕೆ ಮದುವೆಯಾಗಿ ಆಫ್ರಿಕಾದ ಮೊಂಬಾಸಾಕ್ಕೆ ಹೋದವಳು. ನಲವತ್ತೊಂದು ವರ್ಷದಲ್ಲಿ ಆ ದೇಶದ ಪಾಸ್‌ಪೋರ್ಟು ಬಂತು, ಮೊಣಕಾಲು ನೋವು ಬಂತು, ಮಕ್ಕಳು ಮಾತ್ರ ಬರಲಿಲ್ಲ. ಸವಣೂರಿನ ಮನೆಯ ಗೋಡೆ ಕುಸಿದಾಗ ದುಡ್ಡು ಕಳಿಸಿ ಕಟ್ಟಿಸಿದವಳು ಅವಳೇ. ಅದಕ್ಕೇ ಅವಳಪ್ಪ ಮೆಹಬೂಬಸಾಬ್ ಸಾಯುವ ಮುಂಚೆ ಮನೆಯನ್ನು ಮಗಳ ಹೆಸರಿಗೆ ನೋಂದಣಿ ಮಾಡಿಸಿ ಕಣ್ಣು ಮುಚ್ಚಿದ. ಮಾಲಕಿ ಅಕ್ಕ, ಇರುವವನು ತಮ್ಮ ಶಹಾಬುದ್ದೀನ. ಅಕ್ಕ ಅಲ್ಲಿಂದ ಪಟ್ಟಿಯ ದುಡ್ಡು ಕಳಿಸುತ್ತಿದ್ದಳು, ತಮ್ಮ ಇಲ್ಲಿ ತುಂಬುತ್ತಿದ್ದ. ನಾಲ್ಕು ವರ್ಷದ ಹಿಂದೆ ಅವನು ತೀರಿಕೊಂಡ ಮೇಲೆ ಆ ಕೆಲಸ ಅವನ ಹೆಂಡತಿ ನಸೀರಾಳಿಗೆ ಬಂತು. ಅವಳಿಗೆ ಇಬ್ಬರು ಮಕ್ಕಳು. ವೀಳ್ಯದೆಲೆಯ ವ್ಯಾಪಾರ ಮಾಡುವ ಶಾಹಬಾಜ, ಕಾಲೇಜಿಗೆ ಹೋಗುವ ತರನ್ನುಮ. ಇಬ್ಬರಿಗೂ ಗುಲ್ನಾರ ಫೂಫಿ, ಅಂದರೆ ಸೋದರತ್ತೆ.

ಹೋದ ವರ್ಷ ಗುಲ್ನಾರಳ ಗಂಡ ಇಬ್ರಾಹಿಮನೂ ಹೋದ. ಮೊಂಬಾಸಾದ ಮನೆ ಇದ್ದದ್ದು ಅವನ ಅಣ್ಣನ ಹೆಸರಿನಲ್ಲಿ. ಗಂಡ ಸತ್ತವಳು ಮನೆಯೊಳಗೇ ಇರಬೇಕಾದ ಇದ್ದತ್ತಿನ ದಿನ ಮುಗಿಯುವುದನ್ನೇ ಕಾಯುತ್ತಿದ್ದ ಅಣ್ಣನ ಮಕ್ಕಳು ಬಂದು, “ಚಾಚಿ, ನಿಮ್ಮ ಖೋಲಿ ನಮಗ ಬೇಕಾಗೈತಿ” ಅಂದರು. ಎಷ್ಟು ಮರ್ಯಾದೆಯಿಂದ ಅಂದರೆ ಜಗಳ ತೆಗೆಯುವುದಕ್ಕೂ ಬರುವಂತಿರಲಿಲ್ಲ. ಗುಲ್ನಾರ ಊರಿಗೆ ಫೋನು ಮಾಡಿ, ಒಂದೂವರೆ ತಿಂಗಳು ಇದ್ದು ಹೋಗುತ್ತೇನೆ ಎಂದು ಹೇಳಿದಳು. ತಿರುಗಿ ಹೋಗುವ ಟಿಕೀಟು ಅವಳ ಹತ್ತಿರ ಇರಲಿಲ್ಲ. ಅದು ಅವಳಿಗೆ ಗೊತ್ತಿತ್ತು, ಮೇಲಿನವನಿಗೆ ಗೊತ್ತಿತ್ತು, ಮೂರನೆಯವರಿಗೆ ಗೊತ್ತಿರಲಿಲ್ಲ.

ತನ್ನದೇ ಮನೆ, ಬಂದು ಇರಬಹುದಲ್ಲ ಅಂತ ನೀವು ಕೇಳಬಹುದು. ಕೇಳುವುದು ಸಲೀಸು. ಹನ್ನೆರಡು ವರ್ಷ ಕಾಲಿಡದ ಮನೆಗೆ ಬಂದು, ಅಲ್ಲಿ ಬೇಯಿಸಿಕೊಂಡು ಉಣ್ಣುವವರಿಗೆ ‘ನನಗೂ ಒಂದು ಮೂಲೆ ಕೊಡ್ರಿ’ ಎನ್ನಬೇಕಲ್ಲ! ಬೇಡಿಕೊಳ್ಳುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಇವರ ಕಡೆ ಒಂದು ತಪ್ಪು ಸಿಕ್ಕರೆ, ಒಂದೇ ಒಂದು, ಆಗ ಗದರಿಸಿ ಕೂರಬಹುದಿತ್ತು. ಅದರ ಮೇಲೆ ಬಂಕಾಪುರದ ಮಾಸೂಮಾ ಎಂಬ ದೂರದ ಸಂಬಂಧಿ ಫೋನಿನಲ್ಲಿ ಕಿವಿ ಊದಿದ್ದಳು. “ಹನ್ನೆರಡು ವರ್ಷ ಪಟ್ಟಿ ಯಾರು ತುಂಬ್ತಾರೋ ಮನಿ ಅವರದ ಆಗ್ತೈತೆವಾ. ಪಾವತಿ ಮ್ಯಾಲೆ ಯಾರ ಹೆಸರೈತಿ ನೋಡಕೋ.” ಹಾಗೇನೂ ಇಲ್ಲ ಎಂದು ಹೇಳುವವರು ಆ ಫೋನಿನಲ್ಲಿ ಇರಲಿಲ್ಲ.

ಊಟವಾದ ಮೇಲೆ ನಸೀರಾ ಬಿಸ್ಕಿಟ್ ಡಬ್ಬಿ ತಂದಿಟ್ಟಳು. ಪಾವತಿಗಳು ವರ್ಷವಾರು ಜೋಡಿಸಿದ್ದವು. ಅದೇ ಗುಲ್ನಾರಳಿಗೆ ಸರಿಬರಲಿಲ್ಲ. ಇಷ್ಟು ಅಚ್ಚುಕಟ್ಟು ಯಾಕೆ? ಅವಳು ಓದಿದ್ದು ಏಳನೇ ಇಯತ್ತೆಯತನಕ, ಅದೂ ಉರ್ದು ಸಾಲಿಯಲ್ಲಿ. ಕನ್ನಡ ಮಾತು ಹರಳು ಹುರಿದಂತೆ, ಅಕ್ಷರ ಮಾತ್ರ ಒಂದೂ ಬಾರದು.

“ನೀ ಓದು ತರನ್ನುಮ. ಈ ವರ್ಷದ ಬಿಲ್ಲು, ತುಂಬೋದು ಇನ್ನೂ ಐತೆಲ್ಲ, ಅದನ್ನ ಓದು.”

“ಮಾಲೀಕರು ಗುಲ್ನಾರ ಕೋಂ ಇಬ್ರಾಹಿಂ,” ಎಂದು ಓದಿದಳು ತರನ್ನುಮ. “ವಹಿವಾಟ, ಶಹಾಬುದ್ದೀನ...”

“ನಿಲ್ಲು! ವಹಿವಾಟ ಅಂದ್ರ?”

“ಮನ್ಯಾಗ ಇರವ್ರು ಅಂತ ಫೂಫಿ. ಅಪ್ಪನ ಹೆಸರು ಇನ್ನೂ ತಗಸಿಲ್ಲ.”

“ಹ್ಞೂಂ. ಮುಂದ?”

“ಆಸ್ತಿ ತೆರಿಗಿ. ಆರೋಗ್ಯ ಕರ. ಗ್ರಂಥಾಲಯ ಕರ ನೂರಾ ಹನ್ನೆರಡು. ಭಿಕ್ಷುಕರ ಕರ ಐವತ್ತಾರು.”

ಗುಲ್ನಾರ ಕೈಯಲ್ಲಿದ್ದ ಅಡಿಕೆಯನ್ನು ತಟ್ಟೆಗೆ ಹಾಕಿದಳು.

“ಏನಂದಿ? ಭಿಕ್ಷುಕರ ಕರ? ಶುಕ್ರವಾರಕ್ಕೊಮ್ಮೆ ಬಾಗಲಕ್ಕ ಬಂದ ಫಕೀರಗ ಕೊಡ್ತೇವಿ, ಅದು ಸಾಲದಂತ ಸರಕಾರದ ಕೈಲೇನೂ ಕೊಡಬೇಕಾ? ಯಾರಿಗೆ ಟೋಪಿ ಹಾಕಾಕತ್ತೀರಿ?”

“ಅದರಾಗ ಹಂಗ ಬರದೈತ್ರಿ!”

“ಮೊಂಬಾಸಾದಾಗ ನಾನೂ ಪಟ್ಟಿ ಕಂಡೇನಿ. ಅಲ್ಲಿ ನೆಲಕ್ಕಷ್ಟ ಪಟ್ಟಿ. ಮ್ಯಾಲೆ ಬಂಗಲೆ ಕಟ್ಟು, ಗುಡಸಲ ಹಾಕು, ಕೇಳವ್ರಿಲ್ಲ. ಇಲ್ಲಿ ಹಂಚೆಷ್ಟು, ಖೋಲಿ ಎಷ್ಟು, ಭಿಕ್ಷುಕರೆಷ್ಟು! ಈ ಮನ್ಯಾಗ ಗ್ರಂಥಾಲಯದ ಮಾರಿ ನೋಡಿದವರು ಯಾರದೀರಿ?”

“ನಾ ದಿನಾ ಹೋಗ್ತೇನ್ರಿ,” ಎಂದಳು ತರನ್ನುಮ ಸಣ್ಣ ದನಿಯಲ್ಲಿ.

ನಸೀರಾ ಡಬ್ಬಿಯ ಮುಚ್ಚಳ ಹಾಕಿ ಎದ್ದು ಹೋದಳು. ಹೋಗುವಾಗ ಮೂರನೆಯ ಸೂಟಕೇಸಿಗೆ ಹಾಕಿದ್ದ ಹಿತ್ತಾಳೆ ಬೀಗವನ್ನು ನೋಡಿಕೊಂಡೇ ಹೋದಳು. ಉಳಿದೆರಡನ್ನು ಬಿಚ್ಚಿ ಬಟ್ಟೆ, ಲವಂಗ, ಗೋಡಂಬಿ ಎಲ್ಲ ಹಂಚಿದ್ದ ಗುಲ್ನಾರ ಅದೊಂದನ್ನು ಮಾತ್ರ ಮಂಚದ ಕೆಳಗೆ ತಳ್ಳಿದ್ದಳು.

ಮೂರನೆಯ ದಿನ ನಳಕ್ಕೆ ನೀರು ಬಂತು. ಆ ಓಣಿಗೆ ಬೇಸಿಗೆಯಲ್ಲಿ ಎಂಟು ದಿನಕ್ಕೊಮ್ಮೆ ನೀರು. ಬಂದಾಗ ಮನೆಮಂದಿಯೆಲ್ಲ ಕೊಡ, ಬಕೀಟು, ಬ್ಯಾರಲ್ಲು ಎಂದು ಓಡುವುದೇ ಓಡುವುದು. ಗುಲ್ನಾರ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾಮ್ರದ ಕೊಡಕ್ಕೆ ಕೈ ಹಾಕಿದಳು. ನಸೀರಾ ಅದನ್ನು ಕೈಯಿಂದ ಕಸಿದುಕೊಂಡಳು.

“ಬ್ಯಾಡ್ರಿ ಆಪಾ. ಬಂದವರ ಕೈಲೆ ನೀರು ಹೊರಸ್ತಾರೇನು? ಕುಂತ್ರಿ ನೀವು.”

“ಬಂದವರು” ಅನ್ನುವ ಮಾತು ಗುಲ್ನಾರಳ ಎದೆಯಲ್ಲಿ ಚುಚ್ಚಿಕೊಂಡಿತು. ಇದೇ ನಳದಿಂದ, ಇದೇ ಕೊಡದಲ್ಲಿ ಅವಳು ಹತ್ತು ವರ್ಷ ನೀರು ಹೊತ್ತಿದ್ದಳು. ಕಟ್ಟೆಯ ಮೇಲೆ ಕೂತು ನೋಡಿದಳು. ಒಲೆಯ ಹತ್ತಿರ ಹೋದರೂ ಅದೇ. “ನೀವ್ಯಾಕ ಬಂದ್ರಿ, ಹೊಗಿ ಆಕ್ಕೈತಿ.” ಕಸಬರಿಗೆ ಹಿಡಿದರೂ ಅದೇ. ಕೆಲಸ ಕೊಡದೆ ಮನೆಯಲ್ಲಿ ಇಟ್ಟುಕೊಳ್ಳುವುದೆಂದರೆ, ಬೇಗ ಹೊರಡು ಎಂದು ಹೇಳಿದ ಹಾಗೇ ಅಲ್ಲವೇ? ಗುಲ್ನಾರ ಹಾಗೇ ಲೆಕ್ಕ ಹಾಕಿದಳು.

ಇನ್ನೊಂದು ಕಡೆ ಊಟ ನೋಡಿದರೆ ದಿನಾ ಹಬ್ಬ. ಜೋಳದ ರೊಟ್ಟಿ, ಎಣ್ಣೆಗಾಯಿ, ಶುಕ್ರವಾರ ತಪ್ಪದೆ ಕೋಳಿ. ಶಾಹಬಾಜ ಯಲವಿಗಿ ಸ್ಟೇಶನ್ನಿಗೆ ಎಲೆಯ ಪೆಂಡಿ ಮುಟ್ಟಿಸಿ ಬೆವರು ಸುರಿಸುತ್ತ ಬರುತ್ತಿದ್ದ. ಕೋಳಿಯ ಸಾರನ್ನು ಫೂಫಿಯ ತಾಟಿಗೆ ಮಾತ್ರ ಹಾಕುತ್ತಿದ್ದರು, ಅವನು ಪುಂಡಿ ಪಲ್ಯ ಹಚ್ಚಿಕೊಂಡು ಉಣ್ಣುತ್ತಿದ್ದ.

“ಯಾಕೋ, ನಿನಗ ಕೋಳಿ ಸೇರೂದಿಲ್ಲೇನು?”

“ಸೇರತೈತ್ರಿ.” ಅಷ್ಟೇ ಹೇಳಿ ಕೈ ತೊಳೆದುಕೊಂಡ.

ಎಲೆ ಮಾರಿ ಎಷ್ಟು ಬರುತ್ತದೆ? ಈ ಕೋಳಿ ಎಲ್ಲಿಂದ? ಗುಲ್ನಾರಳ ತಲೆಯಲ್ಲಿ ಇದೇ ಓಡುತ್ತಿತ್ತು. ಮುಂದಿನ ಖೋಲಿಗೆ ಬೇರೆ ಬೀಗ ಹಾಕಿದ್ದರು. ಕೇಳಿದರೆ, “ಗೆದ್ದಲ ಹತ್ಯಾವ್ರಿ, ಔಷಧ ಹೊಡದೇವಿ, ವಾಸನಿ” ಎಂದು ನಸೀರಾ ಹೇಳಿದಳು. ಗುಲ್ನಾರ ಎರಡು ಸಲ ಬಾಗಿಲ ಸಂದಿಗೆ ಮೂಗು ಹಚ್ಚಿದಳು. ಔಷಧದ ವಾಸನೆಯಲ್ಲ. ಎಣ್ಣೆಯ ವಾಸನೆ.

ಪಟ್ಟಿಯ ಕಾಗದವನ್ನು ಎದುರಿನ ಕಂಪ್ಯೂಟರ್ ಅಂಗಡಿಯ ಪ್ರಭುವಿಗೆ ತೋರಿಸಿದಳು. ಅವನೂ ಭಿಕ್ಷುಕರ ಕರ ಎಂದೇ ಓದಿದ. “ಎಲ್ಲಾರಿಗೂ ಇರತೈತ್ರಿ ಆಂಟಿ, ನಮ್ಮ ಅಂಗಡಿಗೂ ಐತಿ. ಈ ತಿಂಗಳದಾಗ ತುಂಬಿದ್ರ ನೂರಕ್ಕ ಐದು ಬಿಡ್ತಾರ. ಎಲ್ಲಾ ನಾವ ಫಾರ್ಮಿನಾಗ ಬರದು ಕೊಡೋದು, ಸ್ವಂತ ಘೋಷಣಾ ಅಂತಾರ.” ಮಾತೇನೋ ಸಮಾಧಾನದ್ದೇ. ಆದರೆ ಅಷ್ಟರಲ್ಲಿ ಶಾಹಬಾಜ ಬಂದು ಅವನ ಹೆಗಲ ಮೇಲೆ ಕೈ ಹಾಕಿ ಚಹಾ ಕುಡಿಯಲು ಕರೆದೊಯ್ದ. ಮುಗಿಯಿತು! ಇಬ್ಬರೂ ಒಂದೇ ಎಂದು ಗುಲ್ನಾರ ತೀರ್ಮಾನ ಮಾಡಿದಳು. ಸವಣೂರಿನಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರ ಕೈಯಲ್ಲಿ ಓದಿಸಬೇಕು.

ಮರುದಿನ ಡಾಕ್ಟರ ಹತ್ತಿರ ಹೋಗಿ ಬರುತ್ತೇನೆ ಎಂದು ಹೇಳಿ ಶಿಗ್ಗಾವಿಯ ಬಸ್ಸು ಹತ್ತಿದಳು. ಒಂದು ಕಾಗದ ಓದಿಸಲು ಬೇರೆ ತಾಲೂಕಿಗೆ! ಶಿಗ್ಗಾವಿ ಬಸ್‌ಸ್ಟ್ಯಾಂಡಿನಲ್ಲಿ ಮುಖಗಳನ್ನು ನೋಡುತ್ತ ಅರ್ಧ ತಾಸು ಕೂತಳು. ಕೊನೆಗೆ ಬಿಳಿ ಟೋಪಿ, ದಪ್ಪ ಕನ್ನಡಕದ ಮುದುಕರೊಬ್ಬರನ್ನು ಆರಿಸಿಕೊಂಡಳು. ಹಿರೇಬೆಂಡಿಗೇರಿಯ ಗುತ್ತೆಪ್ಪ ಮಾಸ್ತರು. ನಿವೃತ್ತರು, ಊರ ಬಸ್ಸಿಗೆ ಕಾಯುತ್ತಿದ್ದರು. ಕಾಗದ ಇಸಿದುಕೊಂಡು ಹುಡುಗರ ಉತ್ತರಪತ್ರಿಕೆ ಓದುವ ಹಾಗೆ ಬೆರಳಿಟ್ಟು ಓದಿದರು.

“ಭಿಕ್ಷುಕರ ಕರ ಖರೇನ ಐತಬೇ ಯವ್ವಾ. ಭಿಕ್ಷುಕರನ್ನ ಇಟ್ಟು ಸಾಕಾಕ ಅಂತ ಸರಕಾರ ಹಾಕಿದ್ದು. ನಾನೂ ಕೊಡ್ತೇನಿ. ಎಲ್ಲಾ ಸರಿ ಐತಿ.” ಮತ್ತೆ ಬೆರಳು ಕೆಳಗಿಳಿಯಿತು. “ಹಾಂ, ಇಲ್ಲೊಂದು ಐತಿ ನೋಡು. ಮುಂದಿನ ಖೋಲಿ, ನೂರಾ ನಲವತ್ತು ಚದರಡಿ, ವಾಣಿಜ್ಯ. ಅಂದ್ರ ಅಂಗಡಿ. ಅದಕ್ಕ ಪಟ್ಟಿ ಜಾಸ್ತಿ.”

“ಅಂಗಡಿ? ನಮ್ಮ ಮನ್ಯಾಗ ಅಂಗಡಿ ಇಲ್ರಿ.”

ಮಾಸ್ತರು ವಿಳಾಸ ನೋಡಿದರು, ಅವಳ ಮುಖ ನೋಡಿದರು, ಬಾಯಿತುಂಬ ನಕ್ಕರು.

“ಈ ಓಣಿ ಅಂದ್ರ ನಸೀರವ್ವನ ಖಾರಾ ಅಂಗಡಿ ಅಲ್ಲೇನು? ಅಕಿ ಕೈಲೆ ಕರದ ಕಡ್ಲಿ ಹಿಟ್ಟಿನ ಖಾರಾ ಅಂದ್ರ ಖಾರಾ! ನಮ್ಮ ಮೊಮ್ಮಗಳ ಮದುವಿಗೆ ಹತ್ತು ಕಿಲೋ ತರಸಿದ್ವಿ. ಈಗ ಒಂದು ತಿಂಗಳಾತು, ಬಂದ್ ಐತಿ ಅಂತಾಳ. ಯಾಕ, ಆರಾಮಿಲ್ಲೇನು ಅಕಿಗೆ?”

ಗುಲ್ನಾರ ಕಾಗದ ಮಡಿಚಿ ಬುರ್ಖಾದೊಳಗೆ ಇಟ್ಟುಕೊಂಡಳು. ಸಿಕ್ಕಿತ್ತು. ಹುಡುಕಿದ ತಪ್ಪು ಕೈಗೆ ಸಿಕ್ಕಿತ್ತು. ತರನ್ನುಮ ಆ ಸಾಲನ್ನು ಹಾರಿಸಿ ಓದಿದ್ದಳು. ಬಸ್ಸಿನಲ್ಲಿ ಕೂತಾಗ ಅವಳಿಗೆ ಖುಷಿಯಾಗಬೇಕಿತ್ತು. ಸಿಟ್ಟು ಮಾತ್ರ ಬಂತು, ಅದರ ಹಿಂದೆಯೇ ಅಳು ಬಂತು. ಕಂಡಕ್ಟರ್ ಚಿಲ್ಲರೆ ಕೇಳಿದ್ದಕ್ಕೆ ಅವನನ್ನೇ ಬೈದಳು.

ಸಂಜೆ ರೊಟ್ಟಿಯ ತಾಟು ಮುಂದೆ ಬಂತು. ಗುಲ್ನಾರ ಅದನ್ನು ಪಕ್ಕಕ್ಕೆ ಸರಿಸಿದಳು.

“ಮುಂದಿನ ಖೋಲಿ ಕೀಲಿ ಕೊಡು.”

“ಗೆದ್ದಲ...” ಎಂದು ಬಾಯಿ ತೆಗೆದಳು ತರನ್ನುಮ.

“ನೀ ಬಾಯಿ ಮುಚ್ಚು. ನೀ ಓದಿದ್ದು ಎಷ್ಟು, ಬಿಟ್ಟಿದ್ದು ಎಷ್ಟು ಅಂತ ನನಗ ಗೊತ್ತಾಗೈತಿ.”

ನಸೀರಾ ಕೊರಳಲ್ಲಿನ ದಾರ ತೆಗೆದು ಕೀಲಿಯನ್ನು ನೆಲದ ಮೇಲಿಟ್ಟಳು. ಕೈಗೆ ಕೊಡಲಿಲ್ಲ. ಗುಲ್ನಾರ ಬೀಗ ತೆಗೆದಳು. ಒಳಗೆ ಮಕ್ಕಳನ್ನು ಕೂರಿಸಿ ಸ್ನಾನ ಮಾಡಿಸುವಷ್ಟು ದೊಡ್ಡ ಕಡಾಯಿ, ಕಡಲೆ ಹಿಟ್ಟಿನ ಚೀಲ, ಎಣ್ಣೆಯ ಡಬ್ಬಿ, ಪಾಕೀಟು ಮುಚ್ಚುವ ಮಷೀನು, ಖಾಲಿ ಪಾಕೀಟಿನ ಕಟ್ಟು. ಗೆದ್ದಲು ಒಂದೂ ಇರಲಿಲ್ಲ.

“ನನ್ನ ಮನಿ! ನನಗ ಗೊತ್ತಿಲ್ಲದಂಗ ಅಂಗಡಿ! ಪಟ್ಟಿ ಜಾಸ್ತಿ ಆಗಿದ್ದು ಇದಕ್ಕ. ನನ್ನ ರೊಕ್ಕದಾಗ ನಿನ್ನ ಅಂಗಡಿ ಪಟ್ಟಿ ತುಂಬಾಕತ್ತೀದಿ!”

ನಸೀರಾ ಇಷ್ಟು ದಿನ ನುಂಗಿಕೊಂಡಿದ್ದೆಲ್ಲ ಒಮ್ಮೆಗೇ ಹೊರಗೆ ಬಂತು.

“ನಿಮ್ಮ ರೊಕ್ಕ? ನೀವು ಕಳಸಿದ್ದು ಮನಿಗೆ ಎಷ್ಟೋ ಅಷ್ಟ. ಅಂಗಡಿದು ನಾ ಕರದು ಮಾರಿ ತುಂಬೇನಿ. ಡಬ್ಬ್ಯಾಗ ಚೀಟಿ ಅದಾವ, ಯಾರ ಕೈಲೆ ಬೇಕಾದ್ರೂ ಓದಸ್ರಿ, ಹಾನಗಲ್ಲಿಗೆ ಹೋಗ್ರಿ, ಹಿರೇಕೆರೂರಿಗೆ ಹೋಗ್ರಿ! ಓಣ್ಯಾಗ ನಾಕು ಅಂಗಡಿ ಅದಾವ, ಯಾರೂ ಅಂಗಡಿ ಅಂತ ಬರಸಿಲ್ಲ. ನಿಮ್ಮ ತಮ್ಮ ತಾನ ಹೋಗಿ ಬರಸಿದ್ರು. ಅಕ್ಕನ ಮನಿ ಮ್ಯಾಲೆ ಸುಳ್ಳು ಬರಸೂದು ಬ್ಯಾಡ ಅಂದ್ರು.”

“ಹಂಗಾರ ಮುಚ್ಚಿ ಇಟ್ಟಿದ್ದು ಯಾಕ?”

“ಬಾಡಿಗಿ ಕೇಳ್ತೀರಂತ. ಇಲ್ಲಾ ಮಾರಾಕ ಬಂದೀರಿ, ಅಂಗಡಿ ನೋಡಿದ್ರ ಇನ್ನೂ ರೇಟು ಏರಸ್ತೀರಿ ಅಂತ. ಮನಿಗೆ ಬಂದ ಕೂಡ್ಲೆ ಪಾವತಿ ಕೇಳಿದವರು ನೀವು! ನಿಮ್ಮ ಫೋನು ಬಂದಾಗಿಂದ ಒಂದು ತಿಂಗಳ ಒಲಿ ಹಚ್ಚಿಲ್ಲ ನಾ. ಮದುವಿ ಸೀಜನ್ ಇದು. ಬಂದ ಆರ್ಡರೆಲ್ಲಾ ಬಿಟ್ಟು, ಸಾಲಾ ತಂದು ನಿಮಗ ಕೋಳಿ ಉಣಸೇನಿ.”

“ಅವ್ವಾ, ಬಿಡು,” ಎಂದ ಶಾಹಬಾಜ.

“ಯಾಕ ಬಿಡ್ಲಿ? ಆಪಾ, ಆ ಮಂಚದ ಕೆಳಗಿನ ಸೂಟಕೇಸಿನಾಗ ಏನೈತಿ? ಮಾರೋ ಕಾಗದಪತ್ರ ಹೌದಲ್ಲೋ? ನನ್ನ ಖೋಲಿ ತಗಸಿದ್ರಿ, ನಿಮ್ಮ ಸೂಟಕೇಸು ತಗೀರಿ ನೋಡೂನು.”

ಗುಲ್ನಾರ ಸೂಟಕೇಸು ತೆಗೆಯಲಿಲ್ಲ. ಆ ತಾಟು ಹಾಗೇ ತಣ್ಣಗಾಯಿತು.

ಮರುದಿನ ಮುಂಜಾನೆ ನಸೀರಾ ಯಾರನ್ನೂ ಕೇಳದೆ ಮುಂದಿನ ಖೋಲಿಯ ಬಾಗಿಲು ತೆರೆದು ಒಲೆ ಹಚ್ಚಿದಳು. ಕಡಲೆ ಹಿಟ್ಟು ಎಣ್ಣೆಗೆ ಬಿದ್ದು ಸೊರ್ರೆಂದಿತು. ಬೆಳ್ಳುಳ್ಳಿ, ಕರಿಬೇವಿನ ಘಮ ಓಣಿಯ ತುದಿಯವರೆಗೆ ಹೋಯಿತು, ಗಿರಾಕಿಗಳು ಬಂದರು. ಮನೆಯೊಳಗೆ ಮಾತ್ರ ಮಾತಿಲ್ಲ. ಕೋಳಿ ಬಂದ್ ಆಯಿತು. ಗುಲ್ನಾರಳಿಗೂ ಪುಂಡಿ ಪಲ್ಯವೇ ಬಂತು. ವಿಚಿತ್ರವೆಂದರೆ ಆ ಪಲ್ಯ ಅವಳಿಗೆ ಕೋಳಿಗಿಂತ ಚೆನ್ನಾಗಿ ಸೇರಿತು. ಹಾಗಂತ ಬಾಯಿಬಿಟ್ಟು ಹೇಳುತ್ತಾಳೆಯೇ? ಹೇಳಲಿಲ್ಲ.

ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವಳೇ ಡಬ್ಬಿ ತೆಗೆದು ಚೀಟಿಗಳನ್ನು ಎಣಿಸಿದಳು. ಓದಲು ಬರದಿದ್ದರೂ ಅಂಕಿ ಬರುತ್ತಿತ್ತು. ವರ್ಷಕ್ಕೆ ತಾನು ಕಳಿಸಿದ್ದೆಷ್ಟು ಅನ್ನುವುದು ಬಾಯಿಪಾಠ. ಪಾವತಿಯ ಒಟ್ಟು ಅದಕ್ಕಿಂತ ಪ್ರತಿ ವರ್ಷ ಹೆಚ್ಚೇ ಇತ್ತು. ನಸೀರಾ ಹೇಳಿದ್ದು ಖರೆ. ತಪ್ಪು ಸಿಕ್ಕಿತೆಂದು ಕುಣಿದವಳ ಕೈಯಲ್ಲಿ ಈಗ ಏನೂ ಉಳಿಯಲಿಲ್ಲ.

ಎರಡು ದಿನ ಬಿಟ್ಟು, ಅಡುಗೆಮನೆಯಲ್ಲಿ ಶಾಹಬಾಜ ತಾಯಿಗೆ ಹೇಳುವುದು ಅವಳ ಕಿವಿಗೆ ಬಿತ್ತು.

“ಅಕ್ಕಿಆಲೂರಿನಾಗ ಒಂದು ಬಾಡಿಗಿ ಮನಿ ನೋಡೇನಿ ಅವ್ವಾ. ಸಂತಿ ಸನೇ ಐತಿ, ನಿನ್ನ ಖಾರಾ ಹೋಗತೈತಿ. ಫೂಫಿ ಮನಿ ಫೂಫಿಗೆ ಇರ್ಲಿ. ಮಾರಲಿ, ಬೀಗಾ ಹಾಕಲಿ. ಹೊರಗ ಹಾಕಿಸಿಕೊಳ್ಳೂದಕ್ಕಿಂತ ಮದ್ಲ ಹೋಗೋದು ಚೊಲೊ.”

“ಪಟ್ಟಿ ತುಂಬಿ ಹೋಗೂನು,” ಎಂದಳು ನಸೀರಾ. “ಈ ವರ್ಷದ ಬಾಕಿ ನಮ್ಮ ಹೆಸರಿಗೆ ಬ್ಯಾಡ.”

ಗುಲ್ನಾರ ಗೋಡೆ ಹಿಡಿದು ನಿಂತಳು. ಹೊರಗೆ ಹಾಕಿಸಿಕೊಳ್ಳುವುದು! ಅದು ಹೇಗಿರುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಆ ಮನೆಯಲ್ಲಿ ಯಾರಿಗೆ ಗೊತ್ತಿತ್ತು? ಇವರು ಹೋದರೆ ಮನೆ ಪೂರ್ತಿ ಅವಳದೇ. ಮೂರು ಖೋಲಿ, ಒಂದು ಪಡಸಾಲೆ, ಎಂಟು ದಿನಕ್ಕೊಮ್ಮೆ ನೀರು, ಮಾತಾಡಲು ಗೋಡೆ. ಅಂದು ಮಧ್ಯಾಹ್ನ ಅವಳು ಉಣ್ಣಲಿಲ್ಲ.

ಎಪ್ರಿಲ್ ಮುಗಿಯಲು ಎರಡೇ ದಿನ ಉಳಿದಾಗ ತರನ್ನುಮ ಪ್ರಭುವಿನ ಅಂಗಡಿಯಿಂದ ಫಾರ್ಮು ತಂದಳು. ಪಡಸಾಲೆಯಲ್ಲಿ ಚಾಪೆ ಹಾಸಿ ಎಲ್ಲರೂ ಕೂತರು. ನಸೀರಾ ಹಿಟ್ಟಿನ ಕೈ ಒರೆಸಿಕೊಂಡು ಬಾಗಿಲಲ್ಲಿ ನಿಂತಳು.

“ಎಲ್ಲಾ ಸಾಲು ಓದ್ತೇನಿ ಫೂಫಿ, ಒಂದೂ ಬಿಡೂದಿಲ್ಲ,” ಎಂದಳು ಹುಡುಗಿ. ಚುಚ್ಚಿ ಹೇಳಿದಳೋ ತಪ್ಪೊಪ್ಪಿಕೊಂಡಳೋ ತಿಳಿಯಲಿಲ್ಲ. “ಛಾವಣಿ, ಹಂಚಿಂದು. ಕಟ್ಟಿದ ವರ್ಷ?”

“ನಾ ಹುಟ್ಟಿದ ವರ್ಷ ಅಂತ ಬರಿ.”

“ಹಳೇದಾದಷ್ಟು ಕಡಿಮಿ ಆಗತೈತಿ ಅಂತ ಹೇಳಾಕತ್ತೀರೇನು?” ಎಂದಳು ನಸೀರಾ ಬಾಗಿಲಿಂದ. “ಗೋಡಿ ನೀವ ಕಟ್ಟಿಸಿದ್ದು. ಆ ವರ್ಷ ಹೇಳ್ರಿ. ನಿಮ್ಮ ತಮ್ಮನೂ ಅದನ್ನ ಬರಸ್ತಿದ್ರು.”

ಗುಲ್ನಾರ ಗೋಡೆ ಕಟ್ಟಿಸಿದ ವರ್ಷ ಹೇಳಿದಳು. ತರನ್ನುಮ ಬರೆದಳು. ಮುಂದಿನ ಖೋಲಿ, ವಾಣಿಜ್ಯ, ನೂರಾ ನಲವತ್ತು ಚದರಡಿ. ಯಾರೂ ತಕರಾರು ಮಾಡಲಿಲ್ಲ.

“ಮಾಲೀಕರು ಸ್ವಂತ ವಾಸವಿದ್ದಾರೆಯೇ?” ಎಂದು ಓದಿ ಹುಡುಗಿ ಪೆನ್ನು ಎತ್ತಿ ಹಿಡಿದಳು. “ಹೌದು, ಇಲ್ಲ. ಎರಡರಾಗ ಒಂದಕ್ಕ ಗುರುತು ಹಾಕಬೇಕು. ಪ್ರತಿ ವರ್ಷ ‘ಇಲ್ಲ’ ಅಂತನ ಹಾಕ್ತೇವ್ರಿ. ಹಾಕ್ಲಿ?”

“ನಿಲ್ಲು,” ಎಂದಳು ಗುಲ್ನಾರ.

ಶಾಹಬಾಜ ತಲೆ ಎತ್ತಿದ. ಗುಲ್ನಾರ ಒಮ್ಮೆ ಕೆಮ್ಮಿದಳು, ಸೆರಗು ಸರಿ ಮಾಡಿಕೊಂಡಳು. ಬೇಡಿಕೊಳ್ಳದೆ ಹೇಳಲು ಬೇರೆ ಹಾದಿ ಇದೆಯೇ ಎಂದು ಹುಡುಕಿದಳು, ಇರಲಿಲ್ಲ.

“ಹೌದು ಅಂತ ಹಾಕು.”

“ಅದ್ಹೆಂಗ?” ಎಂದಳು ನಸೀರಾ. “ಸ್ವಂತ ವಾಸ ಅಂದ್ರ ಪಟ್ಟಿ ಕಡಿಮಿ ಬರತೈತಿ ಅಂತ ಯಾರರ ಹೇಳ್ಯಾರೇನು? ನಿಮ್ಮ ತಮ್ಮ ಇಷ್ಟು ವರ್ಷ ಸುಳ್ಳು ಬರಸಿಲ್ಲ. ನಾವು ಹೋದ ಮ್ಯಾಲೆ ಏನಾರ ಬರಸ್ಕೊಳ್ರಿ. ನಾವಿರೋತನಕ ಸುಳ್ಳು ಬ್ಯಾಡ.”

“ಸುಳ್ಳಲ್ಲ.”

“ಮುಂದಿನ ತಿಂಗಳ ಹದಿನೈದಕ್ಕ ಹೊಂಡವ್ರು ನೀವು.”

“ಹೊಂಡಾಕ ಟಿಕೀಟಿಲ್ಲ ನಸೀರಾ. ತಗದ ಇಲ್ಲ ನಾ.”

ನಸೀರಾ ಅವಳ ಮುಖವನ್ನೇ ನೋಡಿದಳು. ನಂಬಿದ ಮುಖವಲ್ಲ ಅದು. ಗುಲ್ನಾರ ಮೊಣಕಾಲು ಹಿಡಿದುಕೊಂಡು ಎದ್ದಳು, ಒಳಗೆ ಹೋಗಿ ಮಂಚದ ಕೆಳಗಿನ ಸೂಟಕೇಸನ್ನು ಎಳೆದು ತಂದಳು. ಶಾಹಬಾಜ ಕೈ ಕೊಡಲು ಹೋದ, ಬೇಡವೆಂದು ಕೈ ಮಾಡಿದಳು. ಹಿತ್ತಾಳೆ ಬೀಗ ತೆಗೆದು ಮುಚ್ಚಳ ಎತ್ತಿದಳು.

ಕಾಗದಪತ್ರ ಇರಲಿಲ್ಲ. ಮೇಲೆ ಒಂದು ಹಳೆಯ ದುಪ್ಪಟಿ. ಅದರಲ್ಲಿ ಸುತ್ತಿದ ಇಬ್ರಾಹಿಮನ ಫೋಟೋ, ಚೌಕಟ್ಟಿನ ಸಮೇತ. ಅವನ ಕನ್ನಡಕ. ಒಂದು ಕೆಟಲಿ, ಎರಡು ತಾಟು, ಒಂದು ಲಟ್ಟಣಿಗೆ. ಎಲ್ಲಕ್ಕೂ ಕೆಳಗೆ ಮಡಿಚಿಟ್ಟ ಕಟ್ಟಿಗೆಯ ಮಣೆ, ತುದಿಗೆ ಕಬ್ಬಿಣದ ಹಲ್ಲು. ಅದರ ಮೇಲೆ ಕೂತು ಮೊಂಬಾಸಾದ ಹೆಂಗಸರು ತೆಂಗಿನಕಾಯಿ ತುರಿಯುತ್ತಾರೆ. ನಲವತ್ತೊಂದು ವರ್ಷ ಕೂತು ಕೂತು ನಡುವೆ ನುಣ್ಣಗೆ ಸವೆದಿತ್ತು.

“ಅಲ್ಲಿ ನನ್ನ ಖೋಲಿ ಬೇಕಾತು ಅವರಿಗೆ,” ಎಂದಳು ಗುಲ್ನಾರ. ಅವಳ ದನಿ ನಡುಗಿತು, ಅದಕ್ಕೆ ಅವಳಿಗೇ ಸಿಟ್ಟು ಬಂತು. “ಮತ್ತೇನು ಕೇಳ್ತೀರಿ? ಇಷ್ಟ.”

ತರನ್ನುಮ ಪೆನ್ನಿನ ಟೊಪ್ಪಿಗೆ ಕಚ್ಚುತ್ತಿದ್ದಳು. ಶಾಹಬಾಜ ನೆಲ ನೋಡಿದ. ನಸೀರಾ ಬಂದು ಕುಕ್ಕರಗಾಲಿನಲ್ಲಿ ಕೂತಳು. ದುಪ್ಪಟಿ ಎತ್ತಿ ನೋಡಿದಳು, ತಾಟು ಸರಿಸಿ ನೋಡಿದಳು, ಸೂಟಕೇಸಿನ ಬದಿಯ ಚೀಲದೊಳಗೂ ಕೈ ಹಾಕಿ ನೋಡಿದಳು. ಸಂಶಯ ಒಂದೇ ಸಲಕ್ಕೆ ಹೋಗುವಂಥದಲ್ಲ. ಕೊನೆಗೆ ಆ ಮಣೆಯನ್ನು ಹೊರತೆಗೆದು, ಬಿಡಿಸಿ, ನೆಲದ ಮೇಲೆ ಊರಿ ಅಲುಗಾಡಿಸಿದಳು.

“ಒಂದೂವರಿ ತಿಂಗಳಿಗೆ ಬಂದವರು ತುರಿಯೋ ಮಣಿ ಹೊತಗೊಂಡು ಬರೂದಿಲ್ಲ,” ಎಂದಳು. ಮಗಳ ಕಡೆ ತಿರುಗಿದಳು. “ಹೌದು ಅಂತ ಹಾಕು. ವಹಿವಾಟದಾಗ ಅಪ್ಪನ ಹೆಸರು ತಗಿಸಾಕೂ ಒಂದು ಅರ್ಜಿ ಬರಿ.”

“ಅಲ್ಲಿ ಯಾರ ಹೆಸರು ಬರೀಲಿ?”

ನಸೀರಾ ಮಣೆಯನ್ನು ಮತ್ತೆ ಮಡಿಚಿದಳು.

“ನಿಮ್ಮವ್ವಂದು ಬರಿ,” ಎಂದಳು ಗುಲ್ನಾರ.

ತರನ್ನುಮ ಬರೆದಳು. ಗುಲ್ನಾರ ಉರ್ದುವಿನಲ್ಲಿ ಸಹಿ ಮಾಡಿದಳು. ಸೊಂಟದ ಚೀಲ ಬಿಚ್ಚಿ ದುಡ್ಡು ತೆಗೆದಾಗ ನಸೀರಾ ಅಂಗಡಿಯ ಪಾಲನ್ನು ತಾನೇ ತಂದು ಪಕ್ಕಕ್ಕಿಟ್ಟಳು, ಅದರಲ್ಲಿ ಮಾತಿಲ್ಲ. ಭಿಕ್ಷುಕರ ಐವತ್ತಾರು ರೂಪಾಯಿಯನ್ನು ಗುಲ್ನಾರ ಬೇರೆಯಾಗಿ ಎಣಿಸಿ, ಒಂದು ನಿಟ್ಟುಸಿರು ಬಿಟ್ಟು ಮೇಲಿಟ್ಟಳು.

ಒಲೆಯ ಕಡೆ ಹೊರಟ ನಸೀರಾ ಬಾಗಿಲಲ್ಲಿ ನಿಂತಳು. ತಿರುಗಿ ನೋಡದೆ ಹೇಳಿದಳು.

“ನಾಡಿದ್ದು ನೀರು ಬರತಾವ ಆಪಾ. ನಾಕಕ್ಕ ಏಳಬೇಕು. ನನಗ ಮದುವಿ ಆರ್ಡರ್ ಐತಿ, ನಾ ಕಡಾಯಿ ಬಿಟ್ಟು ಬರಾಕ ಆಗೂದಿಲ್ಲ. ಕೊಡ ನೀವ ಹಿಡೀಬೇಕು.”

ಗುಲ್ನಾರ ತಡೆದು ಕೇಳಿದಳು. “ಯಾವ ಕೊಡ? ತಾಮ್ರದ್ದಾ, ಪ್ಲಾಸ್ಟಿಕಿಂದಾ?”

“ಎರಡೂ,” ಎಂದಳು ನಸೀರಾ.